ಇಂದಿನ ಧಮ್ಮ ಚಿಂತನೆ: ಓಟ ಮತ್ತು ಎರಡನೇ ಬಾಣ



ಇವತ್ತಿನ ಮಾತು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ಓಡುತ್ತಿರುವ ನಮ್ಮ ಸಿದ್ದಾಪುರದ ಮಕ್ಕಳಿಗೆ. ಅವರ ಮನೆಯವರೂ ಓದಿ.

ಬೆಳಿಗ್ಗೆ ಐದಕ್ಕೆ ಕಾಲುವೆ ದಂಡೆಯ ಮೇಲೆ ಗಡಿಯಾರ ಹಿಡಿದು ನಿಲ್ಲುವುದು ನನ್ನ ಕೆಲಸ. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಹುಡುಗರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು. ಮೊದಲ ಸುತ್ತಿನಲ್ಲಿ ಎಲ್ಲರೂ ಚಿಗರಿ ಮರಿಗಳೇ! ಅವರಿಗೆ ನಾನು ಸೋಣನ ಕಥೆ ಹೇಳುತ್ತೇನೆ. ಸುಕುಮಾರವಾಗಿ ಬೆಳೆದ ಸೋಣ ಭಿಕ್ಖುವಾದ ಮೇಲೆ ಪಾದದಲ್ಲಿ ರಕ್ತ ಬರುವವರೆಗೂ ನಡೆದು ಧ್ಯಾನ ಮಾಡಿದ. ಕೊನೆಗೆ ಸಾಕಾಗಿ ಮನೆಗೆ ಹೋಗಿಬಿಡಲೇ ಅಂದುಕೊಂಡ. ಮೊದಲು ಅವನು ವೀಣೆ ನುಡಿಸುತ್ತಿದ್ದವನು. ತಂತಿ ಅತಿಯಾಗಿ ಬಿಗಿದರೆ ನಾದ ಬರುತ್ತಿತ್ತೇ, ಸಡಿಲ ಬಿಟ್ಟರೆ ಬರುತ್ತಿತ್ತೇ ಎಂದು ಭಗವಾನ್ ಬುದ್ಧರು ಕೇಳಿದರು. 97 ಸೆಕೆಂಡನ್ನು 80ಕ್ಕೆ ಓಡುವವನ ತಂತಿ ಅತಿ ಬಿಗಿ.

ಆದರೆ ಹುಡುಗರು ಹೆಚ್ಚಾಗಿ ನಿಲ್ಲುವುದು ಮೂರನೇ ಸುತ್ತಿನಲ್ಲಿ. ಹೊಸ ಉತ್ಸಾಹ ಮುಗಿದಿರುತ್ತದೆ, ಕೊನೆ ಇನ್ನೂ ಕಾಣುವುದಿಲ್ಲ. ಸಲ್ಲತ್ಥ ಸುತ್ತದಲ್ಲಿ ಬುದ್ಧರು ಎರಡು ಬಾಣಗಳ ಮಾತು ಹೇಳುತ್ತಾರೆ. ಒಂದು ದೇಹಕ್ಕೆ ತಾಗುವುದು, ಇನ್ನೊಂದು ಅದರ ಬೆನ್ನಿಗೇ ಮನಸ್ಸಿಗೆ ತಾಗುವುದು. ಎದೆ ಉರಿ, ತೊಡೆ ಭಾರ ಮೊದಲ ಬಾಣ. ಅದು ಎಲ್ಲ ಜಾತಿಯವರಿಗೂ ಒಂದೇ. ಮೊಣಕಾಲಲ್ಲಿ ಚುಚ್ಚಿದರೆ ಮಾತ್ರ ನಿಲ್ಲಿ, ಆ ಬಾಣದ ಮಾತು ಕೇಳಲೇಬೇಕು. "ನಮ್ಮಂಥವರಿಗೆ ಇದು ಆಗೋದಲ್ಲ" ಎಂಬುದು ಎರಡನೆಯದು. ಅದು ಕಾಲಿನ ದನಿಯಲ್ಲ, ಊರಿನ ದನಿ. ಅಜ್ಜ ಕೇಳಿದ್ದು, ಅಪ್ಪ ಕೇಳಿದ್ದು, ಈಗ ಉಸಿರು ಸಾಲದ ಹೊತ್ತಿಗೆ ಸರಿಯಾಗಿ ನಮ್ಮೊಳಗೇ ಮಾತಾಡುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೀಳಿಸಿದ್ದು ಈ ಬಾಣವನ್ನೇ ಎಂದು ನಾನು ತಿಳಿದಿದ್ದೇನೆ.

ಆ ದನಿ ಬಂದಾಗ ಜಗಳಕ್ಕೆ ಇಳಿಯಬೇಡಿ, ಉಸಿರು ವ್ಯರ್ಥ. "ಎರಡನೇ ಬಾಣ ಬಂತು" ಎಂದು ಮನಸ್ಸಿನಲ್ಲೇ ಗುರುತಿಸಿ. ಕಣ್ಣು ಮುಂದಿನ ಲೈಟ್ ಕಂಬದ ಮೇಲಿರಲಿ, ನಾಲ್ಕನೇ ಸುತ್ತಿನ ಮೇಲಲ್ಲ. ಕಂಬ ಬರುವವರೆಗೆ ಹೆಜ್ಜೆ ಎಣಿಸಿ, ಬಂದಮೇಲೆ ಮತ್ತೆ ಒಂದರಿಂದ ಶುರು.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಲ್ಕಿಗುಂಡಿನಲ್ಲಿ ಅಶೋಕ ಬರೆಸಿದ್ದೂ ಪರಿಶ್ರಮದ ಮಾತೇ. ನಮ್ಮೂರಿನ ಹೆಸರಿನದೇ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲೂ ಅದೇ ಶಾಸನ ಇದೆ. ಇದರ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಚಿಕ್ಕವರಿಗೂ ಸಿಗುತ್ತದೆ ಎಂಬುದು ಅದರ ಸಾರ. (ಅಲ್ಲಿ ಬರುವ ಸ್ವರ್ಗದ ಮಾತು ಆ ಕಾಲದ್ದು, ಬಿಡಿ. ನಮಗೆ ಬೇಕಾದ್ದು 'ಚಿಕ್ಕವರಿಗೂ' ಎಂಬುದು.) ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಚಕ್ರವರ್ತಿಯೇ ಕಲ್ಲಿನಲ್ಲಿ ಕೆತ್ತಿಸಿದ್ದಾನೆ.

ಭಾನುವಾರದ ಅಧ್ಯಯನದಲ್ಲಿ ಸಲ್ಲತ್ಥ ಸುತ್ತ ಪೂರ್ತಿ ಓದುತ್ತೇವೆ. ಓಡುವವರು ಓಟ ಮುಗಿಸಿಯೇ ಬನ್ನಿ, ತಡವಾದರೂ ಪರವಾಗಿಲ್ಲ.

ಜೈ ಭೀಮ್, ನಮೋ ಬುದ್ಧಾಯ.