ಓಡುವ ಹೋರಿ, ಉಳುವ ಎತ್ತು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹಾನಗಲ್ ತಾಲ್ಲೂಕಿನ ಆಡೂರಿನಲ್ಲಿ, ತಂಗಿಯ ಮನೆಯಲ್ಲಿದ್ದೆ. ತಗಡಿನ ಚಾವಣಿ, ಒಂದೇ ದೊಡ್ಡ ಕೋಣೆ. ಒಂದು ಮೂಲೆಯಲ್ಲಿ ತಂಗಿಯ ಮಗ ಅನಿಮೇಷನ್ ಕೆಲಸ ಮಾಡುತ್ತಿದ್ದ, ಇನ್ನೊಂದು ಮೂಲೆಯ ಮಂಚದ ಮೇಲೆ ಅವನ ಅಜ್ಜಿ ಮಲಗಿದ್ದರು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ಬಿಸಿ ನೋಡಿದರೆ 87 ಡಿಗ್ರಿ.

‘ವೇಗ ಸ್ವಲ್ಪ ಇಳಿಸೋ’ ಅಂದೆ.

‘ರೊಕ್ಕ ಪೂರ್ತಿ ಕೊಟ್ಟೀನಿ ಮಾವಾ, ಸ್ಪೀಡ್ ಯಾಕ್ ಕಡಿಮಿ ತಗೋಬೇಕು?’

ಅವನು ಹಾನಗಲ್ಲಿಗೆ ಹೋಗಿ ಬರುವುದರೊಳಗೆ ನಾನೇ ಇಳಿಸಿಟ್ಟೆ.

ನನ್ನ ಲೆಕ್ಕವೇನೋ ಸರಿಯಾಗಿತ್ತು. ಚಿಪ್ಪು ತಿನ್ನುವ ವಿದ್ಯುತ್ತು ವೇಗದೊಂದಿಗೆ ನೇರವಾಗಿ ಏರುತ್ತದೆ, ವೋಲ್ಟೇಜಿನೊಂದಿಗೆ ಅದರ ವರ್ಗದಷ್ಟು. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಎರಡನ್ನೂ ನೂರಕ್ಕೆ ಹತ್ತರಷ್ಟು ತಗ್ಗಿಸಿದರೆ, 0.9 ಅನ್ನು ಮೂರು ಸಲ ಗುಣಿಸಿ ನೋಡಿ, ಖರ್ಚು ಹೆಚ್ಚುಕಡಿಮೆ 73ಕ್ಕೆ ಇಳಿಯುತ್ತದೆ. ಕೊನೆಯ ಚೂರು ವೇಗವೇ ಎಲ್ಲಕ್ಕಿಂತ ದುಬಾರಿ. ಅದೂ ಪೂರ್ತಿ ದಕ್ಕುವುದಿಲ್ಲ. ಬಿಸಿ ಮಿತಿ ಮುಟ್ಟಿದೊಡನೆ ಕಾರ್ಡು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ಏರುತ್ತದೆ.

ದೀಪಾವಳಿ ಬಂತೆಂದರೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಮಾಲೆ, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ಕ್ಷಣಮಾತ್ರದಲ್ಲಿ ನುಗ್ಗಿ ಹೋಗುತ್ತದೆ. ಜನ ವರ್ಷವಿಡೀ ಮಾತಾಡುವುದು ಆ ಓಟವನ್ನೇ. ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ಅಚ್ಚು ಹಾಕುವ ವೇಗವೂ ಅಂಥದ್ದೇ. ನೇಗಿಲಿಗೆ ಕಟ್ಟಿದ ಎತ್ತನ್ನು ಯಾವ ರೈತನೂ ಹಾಗೆ ಓಡಿಸುವುದಿಲ್ಲ.

ಸಂಜೆ ಹುಡುಗನಿಗೆ ಗೊತ್ತಾಯಿತು. ಎತ್ತಿನ ಮಾತು ಹೇಳಿದೆ. ‘ಎತ್ತಿಗೆ ನೋವಾಗ್ತದ, ಇದಕ್ಕೇನ್ ಆಗ್ತದ?’ ಅಂದ. ನಿಜ, ಯಂತ್ರಕ್ಕೆ ನಾವು ದಯೆಯ ಸಾಲಗಾರರಲ್ಲ. ಆದರೆ ಕಾರ್ಡು ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಗೆ ಬರುತ್ತದೆ, ಮಂಚದ ಮೇಲಿನ ಮುದುಕಿಯ ಕಡೆಗೆ. ಇದನ್ನು ಹೇಳಿದಾಗ ಅವನು ಸುಮ್ಮನಾದ. ಆಮೇಲೆ ಕೇಳಿದ್ದು ಬೇರೆಯೇ: ‘ಅದಿರ್ಲಿ, ನನ್ನ ಕೇಳಲಾರದ ಯಾಕ್ ಮಾಡಿದಿ?’

2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿ, ಬ್ಯಾಟರಿ ಸವೆದ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ ಒಪ್ಪಿಕೊಂಡಿತು. ಫೋನು ತಟ್ಟನೆ ಆರಿಹೋಗಬಾರದೆಂದು ಹಾಗೆ ಮಾಡಿದೆವು ಅಂದಿತು, ಕಾರಣವೇನೂ ಸುಳ್ಳಲ್ಲ. ಆದರೂ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯುರೋ ದಂಡ ಹಾಕಿತು, ಬಳಸುವವರಿಗೆ ತಿಳಿಸದೆ ಇದ್ದದ್ದಕ್ಕೆ. ಆ ಸುದ್ದಿ ಓದಿ ಕಂಪನಿಯನ್ನು ಬೈದವರಲ್ಲಿ ನಾನೂ ಒಬ್ಬ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾನು ಬಹಳ ಸಲ ಕೇಳಿದ್ದು ದೊಡ್ಡ ಹಾಸಿಗೆಯವರ ಬಾಯಲ್ಲಿ. ಮನೆಗೆ ಮೊದಲ ಒಳ್ಳೆಯ ಯಂತ್ರ ತಂದು, ಅದರ ಕಂತು ಇನ್ನೂ ಕಟ್ಟುತ್ತಿರುವ ಹುಡುಗನಿಗೆ ಮಿತವಾಗಿರು ಅನ್ನುವುದು ಸುಲಭ. ಬಿಸಿ ಕಡಿಮೆ, ನಷ್ಟವೇನೂ ಇಲ್ಲ ಅನ್ನುವುದೂ ಅಷ್ಟು ಪ್ರಾಮಾಣಿಕವಲ್ಲ. ನಷ್ಟವಿಲ್ಲದ ಸಂಯಮ ಬರೀ ಜಾಣತನ. ಅದಕ್ಕೆ ನೀತಿಯ ಹೆಸರು ಯಾಕೆ? ಮರುದಿನ ಇಬ್ಬರೂ ಕೂತು ಅಳೆದೆವು. ಮೊದಲು 49 ನಿಮಿಷ ಹಿಡಿದ ದೃಶ್ಯಕ್ಕೆ ಈಗ 53. ಬಿಸಿ 76 ಡಿಗ್ರಿ. ನಾಲ್ಕು ನಿಮಿಷ ಅವನದು, ಅದನ್ನು ಬಿಟ್ಟುಕೊಡುವವನೂ ಅವನೇ ಆಗಬೇಕಿತ್ತು.

ಅವನು ಎರಡು ಲೆಕ್ಕ ಮಾಡಿಟ್ಟುಕೊಂಡ. ಅಜ್ಜಿ ಮಲಗಿದ್ದಾಗ ಇಳಿಸಿದ ವೇಗ, ಉಳಿದ ಹೊತ್ತು ತನ್ನಿಷ್ಟ. ನಾನು ಹೊರಡುವ ದಿನ ಯಾರಿಗೋ ಕೆಲಸ ಕಳಿಸುವ ಗಡುವಿತ್ತು. ಲ್ಯಾಪ್‌ಟಾಪಿನ ಕೆಳಗೆ ಗಾಳಿಯಾಡಲೆಂದು ಎರಡು ಇಟ್ಟಿಗೆ ತುಂಡು ಇಟ್ಟು, ಯಂತ್ರವನ್ನು ಜಗುಲಿಗೆ ಒಯ್ದು, ವೇಗ ಪೂರ್ತಿ ಏರಿಸಿ ಕೂತಿದ್ದ. ಫ್ಯಾನು ಕೂಗುತ್ತಿತ್ತು. ಚಪ್ಪಲಿ ಮೆಟ್ಟುತ್ತಾ ಒಂದು ಸಲ ಆ ಕಡೆ ನೋಡಿದೆ. ಏನೂ ಅನ್ನಲಿಲ್ಲ.