ಕೂಡುವ ಗುರುತು, ಸಮದ ಗುರುತು

ಶಾಲೆಯಲ್ಲಿ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ‘ಊರು + ಅನ್ನು = ಊರನ್ನು’ ಅಂತ ಬರೆದಾಗ ಯಾರೂ ಗಾಬರಿಯಾಗಲಿಲ್ಲ. ಹಿಂದಿನ ಪೀರಿಯಡ್ಡಿನಲ್ಲಿ ಎರಡಕ್ಕೆ ಮೂರು ಸೇರಿಸಿ ಐದು ಮಾಡಿದ್ದ ಅದೇ + ಇಲ್ಲಿ ಒಂದು ಉಕಾರವನ್ನು ನುಂಗಿತು. ‘ಮರ + ಅನ್ನು’ ಅಂದರೆ ಎಲ್ಲಿಂದಲೋ ವಕಾರ ತಂದಿತು, ‘ಮಳೆ + ಕಾಲ’ ಅಂದರೆ ಕಕಾರವನ್ನು ಗಕಾರ ಮಾಡಿತು. ಪ್ರೋಗ್ರಾಮರುಗಳು ಆಪರೇಟರ್ ಓವರ್‌ಲೋಡಿಂಗ್ ಅನ್ನೋದು ಹೆಚ್ಚುಕಡಿಮೆ ಇದನ್ನೇ: ಗುರುತು ಒಂದೇ, ಅಕ್ಕಪಕ್ಕ ಏನಿದೆ ಅನ್ನೋದರ ಮೇಲೆ ಕೆಲಸ ಬೇರೆ.

ಸಿ++ ಇದರಲ್ಲಿ ಧಾರಾಳಿ. ಬಿಟ್ ಸರಿಸುವ << ಗುರುತೇ ಅಲ್ಲಿ ತೆರೆಯ ಮೇಲೆ ಅಕ್ಷರವನ್ನೂ ಬರೆಯುತ್ತೆ. ಜನ ಅಲ್ಲಿ ಇದನ್ನು ದುರುಪಯೋಗ ಮಾಡಿದ್ದು ನೋಡಿ, ಜೇಮ್ಸ್ ಗೋಸ್ಲಿಂಗ್ ಜಾವಾದಲ್ಲಿ ಬೇಡವೇ ಬೇಡ ಅಂದರು. ಆದರೂ 1995ರಲ್ಲಿ ಬಂದ ಆ ಜಾವಾದಲ್ಲೇ ಸ್ಟ್ರಿಂಗ್‌ಗಳನ್ನು + ಹಾಕಿ ಜೋಡಿಸಬಹುದು. ಭಾಷೆಗೆ ಆ ಸಲಿಗೆ ಉಂಟು, ನಮಗಿಲ್ಲ!

ನನ್ನನ್ನು ಕಾಡೋದು + ಅಲ್ಲ, ==.

ಗಾಂಧಿ ಬಜಾರಿನಲ್ಲಿ ಹೂವು ಮೊಳದ ಲೆಕ್ಕ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ, ಆದರೆ ಯಾರ ಕೈ? ಅಳತೆ ಅಂಗಡಿಗೊಂದು ಥರ, ಆದರೂ ಮೋಸ ಅನ್ನಿಸಲ್ಲ. ಕೈ ಕಣ್ಣ ಮುಂದೆಯೇ ಇದೆ, ಕಮ್ಮಿ ಅನ್ನಿಸಿದರೆ ‘ಸ್ವಲ್ಪ ಉದ್ದ ಬಿಡಮ್ಮ’ ಅನ್ನಬಹುದು.

== ಓದುವವರಿಗೆ ಆ ಕೈ ಕಾಣಲ್ಲ. ‘ಗ್ರಾಹಕ’ ಅನ್ನೋ ಕ್ಲಾಸಿಗೆ ಯಾರೋ ‘ಫೋನ್ ನಂಬರ್ ಒಂದೇ ಇದ್ದರೆ ಇಬ್ಬರೂ ಸಮ’ ಅಂತ ಬರೆದಿಟ್ಟರು ಅಂದುಕೊಳ್ಳಿ. ಟೆಸ್ಟೆಲ್ಲ ಪಾಸ್. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿಯ ಖಾತೆಗೆ ಮಗನ ನಂಬರೇ ಇರೋದು. ನಕಲು ದಾಖಲೆ ತೆಗೆಯುವ ಪ್ರೋಗ್ರಾಂ ರಾತ್ರಿ ಓಡುತ್ತೆ, ಬೆಳಗ್ಗೆ ಅಜ್ಜಿ ಇಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಊರೆಲ್ಲ ಒಪ್ಪಿಕೊಂಡಿದ್ದ ಒಂದು ಗುರುತಿನ ಅರ್ಥವನ್ನು ಒಬ್ಬರು ತಮ್ಮ ಅನುಕೂಲಕ್ಕೆ ಬದಲಿಸಿದರು, ಅಷ್ಟೇ. ಇದನ್ನು ‘ಸ್ಟೈಲಿನ ಪ್ರಶ್ನೆ’ ಅಂತ ಕೋಡ್ ರಿವ್ಯೂನಲ್ಲಿ ದಾಟಿಸಿಬಿಡೋದು ನನಗೆ ಒಪ್ಪಿಗೆಯಿಲ್ಲ. ಗುರುತಿನ ಮೇಲೆ ಓದುವವರು ಇಟ್ಟ ನಂಬಿಕೆ ಅದನ್ನು ಬರೆದವರ ಸ್ವಂತ ಆಸ್ತಿಯಲ್ಲ.

ಹಾಗಂತ ಗೋಸ್ಲಿಂಗ್ ಕೊಟ್ಟ ಮದ್ದೂ ಸಾಲದು. ಜಾವಾದಲ್ಲಿ ‘ಈಕ್ವಲ್ಸ್’ ಅನ್ನೋ ಮೆಥಡ್ಡನ್ನು ಯಾರು ಬೇಕಾದರೂ ತಿದ್ದಿ ಬರೆಯಬಹುದು, ಅಜ್ಜಿ ಅಲ್ಲೂ ಹೀಗೇ ಮಾಯವಾಗಬಹುದು. ಎರಡು ಮೆಟ್ರಿಕ್ಸ್‌ಗಳ ನಡುವೆ + ಹಾಕೋದು ತಪ್ಪೇನಲ್ಲ, ಗಣಿತದವರು ಕಾಗದದ ಮೇಲೆ ಮೊದಲಿಂದಲೂ ಹಾಗೇ ಬರೆಯುತ್ತಾರೆ. ಆದರೆ ಆ ಗ್ರಾಹಕ ಕ್ಲಾಸಿನ ಮೆಥಡ್ಡಿಗೆ ನೇರವಾಗಿ ‘ಒಂದೇ ಫೋನಿನವರು’ ಅಂತ ಹೆಸರಿಟ್ಟಿದ್ದರೆ, ದಾಖಲೆ ಅಳಿಸುವ ಸಾಲಿಗೆ ಬಂದಾಗ ಟೀಮಿನಲ್ಲಿ ಒಬ್ಬರಾದರೂ ಕೇಳುತ್ತಿದ್ದರು: ‘ಮನೆಗೆಲ್ಲ ಒಂದೇ ಫೋನ್ ಇದ್ದರೆ?’