ಅವಕಾಶವೆಂಬ ಧರ್ಮ

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಯಮುನೆಯ ಆಚೆಯ ನೋಯ್ಡಾ ನಗರದಲ್ಲಿರುವ ನನ್ನ ತಮ್ಮನ ಮನೆಯಲ್ಲಿ, ಬಡಗಿಯೊಬ್ಬನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಆಯತವನ್ನು ಬರೆದನು. ನಡುಮನೆಗೂ ಅಡುಗೆಮನೆಗೂ ನಡುವಣ ಗೋಡೆಯನ್ನು ತೆಗೆಸಿ, ನಾಲ್ಕು ಕಡೆಯೂ ಗೋಡೆಯ ಸೋಂಕಿಲ್ಲದೆ ಮಧ್ಯದಲ್ಲಿ ನಿಲ್ಲುವ ಕಲ್ಲಿನ ಕಟ್ಟೆಯೊಂದನ್ನು, ಈಗಿನವರು ಕಿಚನ್ ಐಲ್ಯಾಂಡ್ ಎಂದು ಕರೆಯುವುದನ್ನು, ಮಾಡಿಸಬೇಕೆಂಬುದು ತಮ್ಮನ ಹೆಂಡತಿಯ ಬಹುದಿನದ ಆಸೆ. ಒಲೆಯ ಕಟ್ಟೆಯ ಅಂಚಿನಿಂದ ಎದುರಿನ ಕಪಾಟುಗಳ ಮುಖದವರೆಗೆ 10 ಅಡಿ. ಹೊಸ ಕಟ್ಟೆಯ ಅಗಲ 4 ಅಡಿ. ಎರಡು ಪಕ್ಕಕ್ಕೂ ಉಳಿದದ್ದು ಮೂರು ಮೂರು ಅಡಿಯ ದಾರಿ.

“ಕಟ್ಟೆ ಲಕ್ಷಣವಾಗಿದೆಯಮ್ಮ, ಸುತ್ತ ಬರೋದಕ್ಕೆ ಜಾಗ ಎಲ್ಲಿದೆ?” ಎಂದರು ನಮ್ಮ ತಾಯಿ.

“ಮೂರಡಿ ಇದೆಯಲ್ಲ ಅತ್ತೆ.”

“ನೀನು ಒಲೆ ಮುಂದೆ ನಿಂತುಕೊ, ನೋಡೋಣ.”

ಸೊಸೆ ನಿಂತಳು. ತಾಯಿ ಒಂದು ಖಾಲಿ ಪಾತ್ರೆಯನ್ನು, ಅದರಲ್ಲಿ ಸಾರು ಕುದಿಯುತ್ತಿದೆಯೋ ಎಂಬಂತೆ, ಮಸಿಬಟ್ಟೆಯಿಂದ ಎರಡು ಕಡೆಯೂ ಹಿಡಿದು ಅವಳ ಬೆನ್ನ ಹಿಂದೆ ನಡೆದುಬಂದರು. ಸೀಮೆಸುಣ್ಣದ ಗೆರೆಯನ್ನು ತುಳಿಯದಿರಲೆಂದು ಮೈಯನ್ನು ಓರೆ ಮಾಡಿದರು. ಅದೇ ಕ್ಷಣದಲ್ಲಿ ಸೊಸೆ ಹಿಂದಿರುಗಿದಳು. ಮೊಳಕೈ ಪಾತ್ರೆಗೆ ತಾಗಿತು. ಇಬ್ಬರೂ ಮಾತಾಡಲಿಲ್ಲ. ಅಷ್ಟರಲ್ಲಿ ನೆಲವೊರಸುವ ಹೆಂಗಸು ಬಕೆಟ್ಟಿನೊಡನೆ ಬಂದು, ಕುಕ್ಕರುಗಾಲಿನಲ್ಲಿ ಕುಳಿತು, ತನ್ನ ಬಕೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಮ್ಮೆಲ್ಲರ ಮುಖವನ್ನು ನೋಡಿದಳು.

ಅಡುಗೆಮನೆಯ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಅಮೆರಿಕದವರು, ಬರಿಯ ಓಡಾಟದ ದಾರಿಗೆ 36 ಅಂಗುಲ, ಒಬ್ಬರು ನಿಂತು ಅಡುಗೆ ಮಾಡುವ ಕಡೆ 42, ಇಬ್ಬರಾದರೆ 48 ಎಂದು ಲೆಕ್ಕವಿಟ್ಟಿದ್ದಾರೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಾದರೋ, ಊಟಕ್ಕೆ ಬೇರೆ ಸ್ಥಳವುಳ್ಳ ಮನೆಯಲ್ಲಿ ಅಡುಗೆಮನೆಯು 5 ಚದರ ಮೀಟರಿಗೂ ಅದರ ಅಗಲವು 1.8 ಮೀಟರಿಗೂ ಕಡಮೆಯಾಗಬಾರದೆಂದು ಹೇಳಿ ಸುಮ್ಮನಾಗುತ್ತದೆ. ಈ ಅಂಕಿಗಳು ಬೇಕಾದವೇ. ಆದರೆ ಅಂದು ನನ್ನ ಮನಸ್ಸನ್ನು ಹಿಡಿದ ಪ್ರಶ್ನೆ ಅಂಕಿಗಳಿಂದ ತೀರುವಂಥದಾಗಿರಲಿಲ್ಲ: ನಾವು ಕಟ್ಟಿದ ವಸ್ತುವಿನ ಸುತ್ತ ಉಳಿಯುವ ಬಯಲು ಬರಿಯ ಶೇಷವೋ, ಇಲ್ಲವೆ ಆ ವಸ್ತುವಿಗಿಂತ ಮೊದಲು ನಾವು ಸಲ್ಲಿಸಬೇಕಾದ ಋಣವೋ?

ಕನ್ನಡದಲ್ಲಿ ‘ಅವಕಾಶ’ ಎಂಬ ಒಂದೇ ಪದವು ತೆರಪಾದ ಸ್ಥಳವನ್ನೂ ಸೂಚಿಸುತ್ತದೆ, ಒಬ್ಬನು ಏನನ್ನಾದರೂ ಮಾಡಲು ದೊರೆಯುವ ಆಸ್ಪದವನ್ನೂ ಸೂಚಿಸುತ್ತದೆ. ಇದು ಶಬ್ದದ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಾಲಿಡಲು ಸ್ಥಳವಿಲ್ಲದವನಿಗೆ ಕೈಯಾಡಿಸುವ ಆಸ್ಪದವೂ ಇಲ್ಲ. ತೈತ್ತಿರೀಯೋಪನಿಷತ್ತು ಸೃಷ್ಟಿಯ ಕ್ರಮವನ್ನು ಹೇಳುವಾಗ ಆತ್ಮದಿಂದ ಮೊದಲು ಹುಟ್ಟಿದ್ದು ಆಕಾಶವೆಂದೂ, ಅದರಿಂದ ವಾಯು, ವಾಯುವಿನಿಂದ ಅಗ್ನಿ, ಆಮೇಲೆ ನೀರು, ಪೃಥ್ವಿ, ಓಷಧಿಗಳು, ಕಟ್ಟಕಡೆಗೆ ಅನ್ನ, ಅನ್ನದಿಂದ ಪುರುಷನೆಂದೂ ತಿಳಿಸುತ್ತದೆ. ಅಡುಗೆಮನೆಯನ್ನು ಕಟ್ಟುವವನು ಈ ಕ್ರಮವನ್ನು ಒಮ್ಮೆಯಾದರೂ ನೆನೆಯುವುದು ಒಳ್ಳೆಯದು. ಏಕೆಂದರೆ ಅವನು ಕಲ್ಲಿನಿಂದ ಮೊದಲುಮಾಡಿ ಕಡೆಗೆ ಮಿಕ್ಕದ್ದನ್ನು ಆಕಾಶವೆನ್ನುತ್ತಾನೆ, ಶ್ರುತಿಯು ಆಕಾಶದಿಂದ ಮೊದಲುಮಾಡಿ ಕಡೆಗೆ ಅನ್ನಕ್ಕೆ ಬರುತ್ತದೆ.

ನಮ್ಮ ದೇವಾಲಯಗಳನ್ನು ಕಟ್ಟಿದ ಶಿಲ್ಪಿಗಳು ಇದನ್ನು ಅರಿತಿದ್ದರು. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ, ಗರ್ಭಗೃಹದ ಗೋಡೆಗೂ ಹೊರಗೋಡೆಗೂ ನಡುವೆ, ಜಾಲಂಧ್ರಗಳಿಂದ ಸೋಸಿ ಬರುವ ಮಂದವಾದ ಬೆಳಕಿನಲ್ಲಿ, ಪ್ರದಕ್ಷಿಣಾಪಥವೊಂದು ಸುತ್ತಿಬರುತ್ತದೆ. 13ನೆಯ ಶತಮಾನದ ಸೋಮನಾಥಪುರದಲ್ಲಿ ಹೊಯ್ಸಳರ ಶಿಲ್ಪಿಗಳು ಈ ಪಥವನ್ನು ಒಳಗಿಡದೆ ಹೊರಗಿನ ಎತ್ತರವಾದ ಜಗತಿಯ ಮೇಲೆ ತಂದರು; ನಕ್ಷತ್ರಾಕಾರದ ಗುಡಿಯ ಮೂಲೆಮೂಲೆಯನ್ನೂ ಜಗತಿಯು ಅನುಸರಿಸಿ ನಡೆಯುತ್ತದೆ. ಮಾರ್ಗಗಳು ಎರಡು, ನಿಯಮ ಒಂದೇ. ಯಾವುದು ಪೂಜ್ಯವೋ ಅದರ ಸುತ್ತ ಇನ್ನೊಬ್ಬನು ನಡೆಯಲು ದಾರಿಯಿರಬೇಕು. ದೇವರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ದರ್ಶನವಾಗುತ್ತಿತ್ತು, ಪ್ರದಕ್ಷಿಣೆಯಾಗುತ್ತಿರಲಿಲ್ಲ.

ಬಡಗಿಯು ಒಂದು ಉಪಾಯವನ್ನು ಸೂಚಿಸಿದ್ದನು: ಕಟ್ಟೆಯ ಒಂದು ತುದಿಯನ್ನು ಗೋಡೆಗೆ ಸೇರಿಸಿಬಿಟ್ಟರೆ ಆ ತುದಿಯ ದಾರಿ ಉಳಿತಾಯವಾಗುತ್ತದೆ. ಇದನ್ನೂ ನಾನು ಅಲ್ಲಗಳೆಯಲಾರೆ. ಶಿವಾಲಯದಲ್ಲಿ ಭಕ್ತನು ಅಭಿಷೇಕದ ನೀರು ಹೊರಬರುವ ಸೋಮಸೂತ್ರದವರೆಗೆ ಹೋಗಿ, ಅದನ್ನು ದಾಟದೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ, ಅದೂ ಪ್ರದಕ್ಷಿಣೆಯೇ. ಸುತ್ತು ಪೂರ್ಣವಾಗಲೇಬೇಕೆಂಬ ಹಟ ಶಾಸ್ತ್ರಕ್ಕೂ ಇಲ್ಲ. ಆದರೆ ಹೋಗುವವನೂ ಬರುವವನೂ ಅದೇ ದಾರಿಯಲ್ಲಿ ಎದುರಾಗುವುದರಿಂದ ಅದು ಇನ್ನೂ ಅಗಲವಾಗಿರಬೇಕು.

ಇಲ್ಲಿ ವೇದಾಂತಿಯೊಬ್ಬನು ಆಕ್ಷೇಪಿಸಬಹುದು: ಗಡಿಗೆಯೊಳಗಿನ ಘಟಾಕಾಶವೂ ಮಠದೊಳಗಿನ ಮಠಾಕಾಶವೂ ಒಂದೇ ಆಕಾಶವಾಗಿರುವಾಗ, ಅಖಂಡವಾದುದನ್ನು ಅಡಿಗೋಲಿನಿಂದ ಅಳೆದು ಇಷ್ಟು ನಿನಗೆ, ಇಷ್ಟು ನನಗೆ ಎಂದು ಕೊಡುವೆವೆನ್ನುವುದು ಅಹಂಕಾರವಲ್ಲವೆ? ಆಕ್ಷೇಪವು ಸತ್ಯವಾದದ್ದು, ನನ್ನ ಮಾತನ್ನು ಅದು ಕೆಡಿಸುವುದಿಲ್ಲ, ತಿದ್ದುತ್ತದೆ. ಆಕಾಶದ ಉಪಕಾರವೇ ಅವಗಾಹ, ಎಂದರೆ ಇತರ ದ್ರವ್ಯಗಳಿಗೆ ಇರಲು ಎಡೆಗೊಡುವುದು, ಎಂದು ಜೈನದರ್ಶನದ ತತ್ತ್ವಾರ್ಥಸೂತ್ರ ಹೇಳುತ್ತದೆ. ಎಡೆಯನ್ನು ಕೊಡುವುದು ಆಕಾಶ. ಅದನ್ನು ಮುಚ್ಚದಿರುವುದಷ್ಟೇ ಮನುಷ್ಯನ ಪಾಲಿನ ಧರ್ಮ. ಸ್ಥಳ ಬಿಟ್ಟೆನೆಂದು ಹೆಮ್ಮೆಪಡುವುದಕ್ಕೆ ಅಲ್ಲಿ ನಮ್ಮದೆಂಬುದೇನೂ ಇರಲಿಲ್ಲ.

ಇನ್ನೊಂದನ್ನು ಹೇಳದೆ ಇದನ್ನು ಮುಗಿಸಿದರೆ ಅಪ್ರಾಮಾಣಿಕತೆಯಾದೀತು. ನಮ್ಮ ಹಿರಿಯರ ಅಡುಗೆಮನೆಯಲ್ಲಿಯೂ ಅಂತರವಿತ್ತು. ಮಡಿಯುಟ್ಟವರ ಹತ್ತಿರ ಮಕ್ಕಳು ಸುಳಿಯುತ್ತಿರಲಿಲ್ಲ, ಹೊರಗೆಲಸದವಳು ಹಿತ್ತಿಲ ಬಾಗಿಲಿನಿಂದ ಈಚೆಗೆ ಬರುತ್ತಿರಲಿಲ್ಲ. ಮುಟ್ಟಬಾರದೆಂದು ಬಿಟ್ಟ ಆ ಅಂತರವನ್ನೂ, ಬಿಸಿ ತಾಗಬಾರದೆಂದು ಬಿಡುವ ಈ ಅಂತರವನ್ನೂ ಅಡಿಗೋಲು ಬೇರ್ಪಡಿಸಲಾರದು; ಎರಡೂ 4 ಅಡಿಯೇ ಆಗಿರಬಹುದು. ಒಂದು ಇನ್ನೊಬ್ಬನನ್ನು ದೂರವಿಡುತ್ತದೆ, ಇನ್ನೊಂದು ಅವನನ್ನು ಒಳಕ್ಕೆ ಕರೆಯುತ್ತದೆ. ಬಯಲು ಪವಿತ್ರವಾಗುವುದು ಅದರ ಅಗಲದಿಂದಲ್ಲ, ಅದರಲ್ಲಿ ಯಾರು ನಡೆಯಬಹುದೆಂಬುದರಿಂದ.

ಕಡೆಗೆ ಕಟ್ಟೆಯ ಅಗಲದಲ್ಲಿ ಒಂದು ಅಡಿ ಕಡಮೆಯಾಯಿತು. ಕಲ್ಲು 3 ಅಡಿ, ಒಲೆಯ ಕಡೆಯ ದಾರಿ 4 ಅಡಿ, ಕಪಾಟುಗಳ ಕಡೆಯದು 3. ಬಾಗಿಲು ತೆರೆದರೆ ದಾರಿಗೆ ಅಡ್ಡವಾಗುತ್ತಿದ್ದ ಫ್ರಿಜ್ಜು ಮೂಲೆಗೆ ಸರಿಯಿತು. ಬಯಸಿದ್ದ ಕಲ್ಲಿನಲ್ಲಿ ಕಾಲುಭಾಗವನ್ನು ಬಿಟ್ಟುಕೊಡುವುದು ತಮ್ಮನ ಹೆಂಡತಿಗೆ ಸುಲಭವಾಗಿರಲಿಲ್ಲ. ಸೀಮೆಸುಣ್ಣದ ಹಳೆಯ ಗೆರೆಯನ್ನು ಅವಳೇ ಒದ್ದೆಬಟ್ಟೆಯಿಂದ ಒರೆಸಿದಳು.

ಮೊನ್ನೆ ಹೋಗಿದ್ದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ತಾಯಿ ಊರುಗೋಲನ್ನು ಕಟ್ಟೆಗೆ ಒರಗಿಸಿ ಕೊತ್ತಂಬರಿ ಸೋಸುತ್ತಿದ್ದರು. ನೆಲವೊರಸುವವಳು ಯಾರನ್ನೂ ಸರಿಯೆನ್ನದೆ, ಬಕೆಟ್ಟನ್ನು ತನ್ನ ಪಕ್ಕದಲ್ಲೇ ಎಳೆದುಕೊಳ್ಳುತ್ತ, ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದಳು. ಅವಳ ಹಿಂದೆ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಅದು ಆರುವವರೆಗೆ ನಾವೆಲ್ಲರೂ ಹೊರಗೆ ನಿಂತು ಅವಳ ದಾರಿಯನ್ನು ಕಾದೆವು.